ಸುಮ್ಮನಾದ ನಾಯಿ ಬೇರೆ, ಕಲಿತ ನಾಯಿ ಬೇರೆ

ಧಾರವಾಡದ ಕೆಲಗೇರಿ ಕೆರೆ ದಂಡೆಗೆ ಮುಂಜಾನೆ ಆರೂವರೆಗೆ ಹೋಗಿ ನಿಂತರೆ, ಯಾರು ಯಾರನ್ನು ವಾಕಿಂಗ್‌ಗೆ ಕರಕೊಂಡು ಬಂದಿದ್ದಾರೆ ಎಂದು ತಿಳಿಯುವುದೇ ಕಷ್ಟ. ಚೈನಿನ ಒಂದು ತುದಿಗೆ ಮೂವತ್ತೈದು ಕಿಲೋದ ಜರ್ಮನ್ ಶೆಫರ್ಡ್. ಇನ್ನೊಂದು ತುದಿಗೆ ಅರ್ಧ ಓಡುತ್ತ, ಅರ್ಧ ಜಾರುತ್ತ ಬರುವ ಯಜಮಾನರು. ಎದುರಿನಿಂದ ಇನ್ನೊಂದು ನಾಯಿ ಬಂದದ್ದೇ ತಡ, ಇದು ಎಗರುತ್ತದೆ, ಅವರು ಚೈನನ್ನು ಝಗ್ಗನೆ ಜಗ್ಗುತ್ತಾರೆ. ನಾಯಿ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. "ನೋಡ್ರಿ, ಹಿಂಗ ಮಾಡಿದ್ರನ ಮಾತು ಕೇಳತದ" ಎಂದು ಪಕ್ಕದವರಿಗೆ ಹೇಳುತ್ತ ಅವರು ಮುಂದೆ ಸಾಗುತ್ತಾರೆ. ಮರುದಿನ ಅದೇ ಜಾಗ, ಅದೇ ಎಗರಾಟ, ಅದೇ ಜಗ್ಗಾಟ.

ನಿಜಕ್ಕೂ ಮಾತು ಕೇಳುವುದಾಗಿದ್ದರೆ ಮರುದಿನ ಮತ್ತೆ ಯಾಕೆ ಎಗರಬೇಕಿತ್ತು?

## ಈಗ ಯಾಕೆ ಈ ಮಾತು

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ನಾಯಿ ಸಾಕುವುದೆಂದರೆ, ತಾನಾಗಿ ಬಂದು ಬಾಗಿಲಲ್ಲಿ ಕೂತ ನಾಯಿಗೆ ದಿನಾ ಒಂದು ರೊಟ್ಟಿ ಹಾಕುವುದು. ಯಾರ ಹತ್ತಿರ ಹೋಗಬೇಕು, ಯಾರಿಂದ ದೂರ ಇರಬೇಕು ಎಂಬುದನ್ನು ಅದಕ್ಕೆ ಓಣಿಯೇ ಕಲಿಸುತ್ತಿತ್ತು. ಈಗ ನವನಗರ, ಗೋಕುಲ ರಸ್ತೆ, ಸತ್ತೂರಿನ ಹೊಸ ಲೇಔಟುಗಳಲ್ಲಿ ಕಂಪೌಂಡಿನ ಮನೆಗಳೆದ್ದಿವೆ. ಕಂಪೌಂಡ್ ಎದ್ದ ಮೇಲೆ ಒಳಗೊಂದು ದೊಡ್ಡ ನಾಯಿ ಬೇಕೆನಿಸುತ್ತದೆ. ರಾಟ್‌ವೈಲರ್, ಗ್ರೇಟ್ ಡೇನ್, ಲ್ಯಾಬ್ರಡಾರ್, ನಮ್ಮದೇ ಮುಧೋಳ. ಎರಡು ತಿಂಗಳ ಮುದ್ದು ಮರಿ ಒಂದು ವರ್ಷದೊಳಗೆ ಮನೆಯ ಅಜ್ಜಿಗಿಂತ ಭಾರವಾಗುತ್ತದೆ. ಆಗ ತರಬೇತಿಯ ನೆನಪು ಬರುತ್ತದೆ.

ದೊಡ್ಡ ನಾಯಿಗಳ ಬಗೆಗಿನ ಭಯವೂ ಈಚೆಗೆ ಹೆಚ್ಚಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್, ಪಿಟ್‌ಬುಲ್ ಸೇರಿ 23 ತಳಿಗಳ ಆಮದು, ಮರಿ ಮಾಡಿಸುವಿಕೆ ಮತ್ತು ಮಾರಾಟ ತಡೆಯಿರಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಸುತ್ತೋಲೆ ಹೋಯಿತು, ನಾಯಿಗಳು ಮನೆಯಲ್ಲೇ ಉಳಿದವು. ಅವನ್ನು ಹೇಗೆ ಬೆಳೆಸಬೇಕೆಂಬ ಪ್ರಶ್ನೆಯೂ ಉಳಿಯಿತು.

ಉತ್ತರ ಕೊಡುವವರು ಎರಡು ಬಗೆ. "ದಂಡಂ ದಶಗುಣಂ, ಬಿಗಿ ಹಿಡಿಯದಿದ್ದರೆ ತಲೆ ಮೇಲೆ ಕೂರುತ್ತದೆ" ಎನ್ನುವವರು ಒಂದು ಕಡೆ. ಏಟು, ಬೆದರಿಕೆ, ಕತ್ತು ಬಿಗಿಯುವ ಚೈನು, ಕುತ್ತಿಗೆಗೆ ಶಾಕ್ ಹೊಡೆಸುವ ಕರೆಂಟಿನ ಪಟ್ಟಿ ಇವೆಲ್ಲ ಅವರ ಸಾಮಾನು. ಬೇಕಾದ ನಡತೆಗೆ ಬಹುಮಾನ ಕೊಡುತ್ತ, ಬೇಡದ ನಡತೆಗೆ ಅವಕಾಶವೇ ಸಿಗದಂತೆ ನೋಡಿಕೊಳ್ಳುತ್ತ ಕಲಿಸುವವರು ಇನ್ನೊಂದು ಕಡೆ. ಇವರಲ್ಲಿ ಯಾರು ಒಳ್ಳೆಯವರು ಎಂಬ ಜಗಳಕ್ಕಿಂತ, ಎರಡೂ ವಿಧಾನದಲ್ಲಿ ನಾಯಿಯ ತಲೆಯೊಳಗೆ ಏನು ನಡೆಯುತ್ತದೆ ಎಂದು ನೋಡುವುದು ಹೆಚ್ಚು ಉಪಯೋಗದ್ದು.

## ಸೂಕ್ಷ್ಮ ಎಂದರೆ ಪುಕ್ಕಲು ಅಲ್ಲ

ಮುಧೋಳ ನಾಯಿಯನ್ನೇ ನೋಡಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಬೇಟೆ ನಾಯಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ. ಎರಡು ಅಡಿ ಮೀರಿದ ಎತ್ತರ, ಬಿಲ್ಲಿನಂತೆ ಬಾಗಿದ ಹೊಟ್ಟೆ, ಉದ್ದ ಮೂತಿ. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ದೂರದ ಹೊಲದಲ್ಲಿ ಮೊಲವೊಂದು ಸರಿದರೂ ಅದಕ್ಕೆ ಕಾಣುತ್ತದೆ. ಆ ಚುರುಕು ಬೇಟೆಗೆ ವರ, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಅದೇ ಶಾಪ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಬಾಗಿಲು ಬುಸ್ಸೆಂದರೂ ಕಿವಿ ಹಿಂದಕ್ಕೆ ಮಡಚುತ್ತದೆ. ಅಪರಿಚಿತರು ಮುಟ್ಟಿದರೆ ಮೈ ಬಿಗಿ ಹಿಡಿಯುತ್ತದೆ. ಅದನ್ನು ಸಾಕಿದವರು "ಒಮ್ಮೆ ಜೋರಾಗಿ ಬೈದರೆ ಎರಡು ದಿನ ಮುಖ ಕೊಡೂದಿಲ್ಲ" ಎನ್ನುವುದು ಸುಮ್ಮನೆ ಅಲ್ಲ.

ಹೀಗೆ ಸಣ್ಣ ಬದಲಾವಣೆಯನ್ನೂ ಬೇಗ ಗುರುತಿಸಿ, ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸಿ, ಮತ್ತೆ ಸಮಾಧಾನಕ್ಕೆ ಬರಲು ಹೆಚ್ಚು ಹೊತ್ತು ತೆಗೆದುಕೊಳ್ಳುವ ನಾಯಿಯನ್ನು ಸೂಕ್ಷ್ಮ ನಾಯಿ ಎನ್ನಬಹುದು. ತಳಿ ಯಾವುದೇ ಇರಲಿ, ಇಂಥವು ಇರುತ್ತವೆ. ಜರ್ಮನ್ ಶೆಫರ್ಡ್‌ಗಳಲ್ಲಿ ಸದ್ದಿಗೆ ಬೆದರುವವು ಬಹಳ. ನಾಯಿಗಳ ಕಿವಿಯೂ ನಮ್ಮ ಕಿವಿಯಲ್ಲ. ಮನುಷ್ಯನಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ, ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ.

ಗಾತ್ರವೂ ಸೂಕ್ಷ್ಮತೆಯೂ ಒಂದೇ ಮೈಯಲ್ಲಿ ಕೂಡಿದಾಗ ತೊಡಕು ಶುರು. ಪಮೇರಿಯನ್ ಎಗರಿದರೆ ನಗುತ್ತೇವೆ. ಗ್ರೇಟ್ ಡೇನ್ ಎಗರಿದರೆ ಮನೆಗೆ ಬಂದ ಹಿರಿಯರ ಸೊಂಟ ಮುರಿಯುತ್ತದೆ. ಆ ಹೆದರಿಕೆಗೆ ಯಜಮಾನರು ಹೆಚ್ಚು ಬಿಗಿ ಮಾಡುತ್ತಾರೆ. ಆದರೆ ಬಿಗಿಯನ್ನು ತಾಳಿಕೊಳ್ಳಲು ಎಲ್ಲಕ್ಕಿಂತ ಕಡಿಮೆ ಶಕ್ತಿ ಇರುವುದು ಇಂಥ ನಾಯಿಗೇ.

## ನಾಯಿ ಕಲಿಯುವುದು ಎರಡು ದಾರಿಯಲ್ಲಿ

ಮೊದಲನೆಯ ದಾರಿ ಜೋಡಣೆಯದು. ರಷ್ಯಾದ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯನ್ನು ಅಭ್ಯಾಸ ಮಾಡುತ್ತಿದ್ದ ವಿಜ್ಞಾನಿ. 1904ರ ನೊಬೆಲ್ ಪ್ರಶಸ್ತಿ ಬಂದದ್ದೂ ಆ ಕೆಲಸಕ್ಕೇ. ಪ್ರಯೋಗಶಾಲೆಯ ನಾಯಿಗಳು ಆಹಾರ ಬಾಯಿಗೆ ಬೀಳುವ ಮೊದಲೇ, ಅದು ಬರುವ ಸುಳಿವು ಸಿಕ್ಕರೆ ಸಾಕು, ಜೊಲ್ಲು ಸುರಿಸುತ್ತಿದ್ದವು. ಐಸ್‌ಕ್ರೀಮ್ ಗಾಡಿಯ ಗಂಟೆ ಓಣಿಯ ತಿರುವಿನಲ್ಲಿ ಕೇಳಿದರೆ ಮಕ್ಕಳ ಬಾಯಲ್ಲಿ ನೀರೂರುವ ಹಾಗೆ. ಗಂಟೆಯಲ್ಲಿ ರುಚಿ ಇಲ್ಲ, ಗಂಟೆಯ ಹಿಂದೆ ರುಚಿ ಬರುತ್ತದೆ ಅಷ್ಟೆ. ಇಲ್ಲಿ ನಾಯಿ ಏನನ್ನೂ ಮಾಡಬೇಕಿಲ್ಲ. ಒಂದರ ಹಿಂದೆ ಇನ್ನೊಂದು ಬರುತ್ತಿದ್ದರೆ ಸಾಕು, ಮನಸ್ಸು ತಾನಾಗಿ ಗಂಟು ಹಾಕಿಕೊಳ್ಳುತ್ತದೆ.

ಎರಡನೆಯದು ಫಲದ ದಾರಿ. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಚಿಲಕ ತೆಗೆದು ಹೊರಬರುವುದನ್ನು ಹೇಗೆ ಕಲಿಯುತ್ತವೆ ಎಂದು ನೋಡಿದ. ಒಳ್ಳೆಯ ಫಲ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ, ಫಲ ಕೊಡದ ಕೆಲಸ ಮೆಲ್ಲಗೆ ಬಿಟ್ಟುಹೋಗುತ್ತದೆ. ಮುಂದೆ ಬಿ. ಎಫ್. ಸ್ಕಿನ್ನರ್ ಇದನ್ನು ಅಚ್ಚುಕಟ್ಟಾದ ಶಾಸ್ತ್ರವಾಗಿಸಿದ. ಅವನ ಲೆಕ್ಕದಲ್ಲಿ ನಡತೆಯನ್ನು ಬದಲಿಸಲು ನಾಲ್ಕು ಉಪಾಯಗಳಿವೆ. ಕೂಡುವುದು ಮತ್ತು ಕಳೆಯುವುದು ಎಂಬ ಶಾಲೆಯ ಲೆಕ್ಕದಷ್ಟೇ ಸರಳ.

ನಾಯಿ ಕೂತಿತು, ಬಾಯಿಗೆ ಕೋಳಿಯ ಚೂರು ಹಾಕಿದಿರಿ. ಇಷ್ಟವಾದದ್ದನ್ನು ಕೂಡಿದಿರಿ, ಕೂರುವುದು ಹೆಚ್ಚುತ್ತದೆ. ನಾಯಿ ಮೈಮೇಲೆ ಎಗರಿತು, ನೀವು ಬೆನ್ನು ತಿರುಗಿಸಿ ನಿಂತಿರಿ. ಇಷ್ಟವಾದದ್ದನ್ನು, ಅಂದರೆ ನಿಮ್ಮ ಗಮನವನ್ನು, ಕಳೆದಿರಿ, ಎಗರುವುದು ಕಡಿಮೆಯಾಗುತ್ತದೆ. ಕರುಣೆಯ ವಿಧಾನ ಎನ್ನುವುದು ಮುಖ್ಯವಾಗಿ ಈ ಎರಡರ ಮೇಲೆ ನಿಂತಿದೆ. ಇನ್ನು, ಎಗರಿದ ಕೂಡಲೇ ಬೆತ್ತ ಬೀಸಿದರೆ ನೋವನ್ನು ಕೂಡಿದಿರಿ. ಕೊನೆಯದು ತುಸು ಮೋಸದ್ದು: ಕೂರುವ ತನಕ ಚೈನು ಬಿಗಿಹಿಡಿದು, ಕೂತ ಮೇಲೆ ಸಡಿಲಿಸುವುದು. ಇಲ್ಲಿ ಬಹುಮಾನ ಎಂದರೆ ನೋವು ನಿಲ್ಲುವುದು ಮಾತ್ರ. ಕಾರಿನಲ್ಲಿ ಬೆಲ್ಟ್ ಹಾಕುವ ತನಕ ಕಿರಿಕಿರಿ ಮಾಡುವ ಬೀಪ್ ಸದ್ದಿನ ಹಾಗೆ. "ನಾನು ಎಂದೂ ಹೊಡೆಯುವುದಿಲ್ಲ" ಎನ್ನುವ ಎಷ್ಟೋ ತರಬೇತುದಾರರ ಇಡೀ ಕೆಲಸ ಈ ನಾಲ್ಕನೆಯ ಉಪಾಯದ ಮೇಲೆ ನಡೆದಿರುತ್ತದೆ.

ನೀವು ಫಲದ ದಾರಿಯಲ್ಲಿ ಏನನ್ನೋ ಕಲಿಸುತ್ತಿರುವಾಗಲೂ ಜೋಡಣೆಯ ದಾರಿ ತೆರೆದೇ ಇರುತ್ತದೆ. ಶಿಕ್ಷೆ ಎಡವುವುದು ಹೆಚ್ಚಾಗಿ ಇಲ್ಲೇ.

## ಹೊಡೆದರೆ ನಿಲ್ಲುತ್ತದಲ್ಲ?

ನಿಲ್ಲುತ್ತದೆ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆ ಅಲ್ಲ. ಆ ಕ್ಷಣಕ್ಕೆ ನಿಲ್ಲುವುದರಿಂದಲೇ ಈ ವಿಧಾನ ಇಷ್ಟು ಕಾಲ ಉಳಿದಿದೆ. ಸ್ಕಿನ್ನರ್ ಲೆಕ್ಕ ಮನುಷ್ಯನಿಗೂ ಹತ್ತುತ್ತದೆ: ಚೈನು ಜಗ್ಗಿದೆ, ಬೊಗಳುವುದು ನಿಂತಿತು, ನನಗೆ ನೆಮ್ಮದಿ ಸಿಕ್ಕಿತು, ನಾಳೆಯೂ ಜಗ್ಗುತ್ತೇನೆ. ತರಬೇತಿ ಆಗುತ್ತಿರುವುದು ಯಜಮಾನರಿಗೆ!

ನಾಯಿ ಏನು ಕಲಿಯುತ್ತದೆ? ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿಗೆ ಹೋಗೋಣ. ಬೈಕಿನ ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ಟು, ಪೊಲೀಸರು ಕಣ್ಣಿಗೆ ಬಿದ್ದ ಕೂಡಲೇ ತಲೆಗೇರುತ್ತದೆ. ಸರ್ಕಲ್ ದಾಟಿದ ಮೇಲೆ ಮತ್ತೆ ಕನ್ನಡಿಗೆ. ದಂಡ ನಮಗೆ ಕಲಿಸಿದ್ದು ತಲೆ ಉಳಿಸಿಕೊಳ್ಳುವುದನ್ನಲ್ಲ, ಪೊಲೀಸರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು. ಸೋಫಾ ಹತ್ತಿದ್ದಕ್ಕೆ ಏಟು ತಿಂದ ನಾಯಿಯೂ ಅಪ್ಪ ಮನೆಯಲ್ಲಿದ್ದಾಗ ಕೆಳಗೆ, ಆಫೀಸಿಗೆ ಹೋದ ಮೇಲೆ ಮೇಲೆ.

ಹೆಲ್ಮೆಟ್ಟಿನ ವಿಷಯದಲ್ಲಿ ನಮಗೆ ದಂಡ ಯಾಕೆ ಬಿತ್ತೆಂದಾದರೂ ಗೊತ್ತು. ರಸೀದಿ ಕೊಡುತ್ತಾರೆ. ನಾಯಿಗೆ ರಸೀದಿ ಇಲ್ಲ. ನೋವು ಬಂದ ಆ ಸೆಕೆಂಡಿನಲ್ಲಿ ಕಣ್ಣೆದುರು ಏನಿತ್ತೋ ಅದಕ್ಕೇ ಗಂಟು ಬೀಳಬಹುದು. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು, ಜ್ವರಕ್ಕೋ ಘಾಟಿನ ತಿರುವಿಗೋ ದಾರಿಯಲ್ಲಿ ವಾಂತಿಯಾದವರಿಗೆ ಆಮೇಲೆ ವರ್ಷಗಟ್ಟಲೆ ಮಿರ್ಚಿಯ ವಾಸನೆ ಆಗುವುದಿಲ್ಲ. ಮಿರ್ಚಿಯದು ತಪ್ಪಿರಲಿಲ್ಲ ಎಂದು ಬುದ್ಧಿಗೆ ಗೊತ್ತು, ಹೊಟ್ಟೆ ಕೇಳಬೇಕಲ್ಲ.

ಕೆರೆ ದಂಡೆಯ ಶೆಫರ್ಡ್‌ನದು ಇದೇ ಕಥೆ. ಎದುರಿನ ನಾಯಿ ಕಂಡಿತು, ಕುತ್ತಿಗೆಗೆ ನೋವಾಯಿತು. ಮರುದಿನ ಮತ್ತೆ ಕಂಡಿತು, ಮತ್ತೆ ನೋವು. ಯಜಮಾನರು "ಎಗರಬ್ಯಾಡ" ಎಂಬ ಪಾಠ ಹೇಳುತ್ತಿದ್ದಾರೆ. ನಾಯಿ ಕಲಿಯುತ್ತಿರುವುದು "ಬೇರೆ ನಾಯಿ ಬಂತೆಂದರೆ ಕುತ್ತಿಗೆಗೆ ಕೇಡು ಬಂತು" ಎಂಬುದನ್ನು. ಮೊದಲು ಬರೀ ಕುತೂಹಲಕ್ಕೆ ಎಗರುತ್ತಿದ್ದದ್ದು, ಈಗ ದೂರ ಓಡಿಸಲು ಎಗರುತ್ತದೆ. ನಮಗೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ನಾಯಿಯ ಜಾಗದಲ್ಲಿ ಸೈಕಲ್ ಮೇಲಿನ ಪಕ್ಕದ ಮನೆಯ ಮಗುವನ್ನು ಇಟ್ಟು ನೋಡಿ, ವಿಷಯದ ಗಂಭೀರತೆ ತಿಳಿಯುತ್ತದೆ.

ಇದಕ್ಕಿಂತ ಅಪಾಯದ್ದು ಗುರ್ ಎನ್ನುವುದಕ್ಕೆ ಹೊಡೆಯುವುದು. "ನಮ್ಮ ಅನ್ನ ತಿಂದು ನಮಗೇ ಗುರ್ ಅಂತದ?" ಎಂದು ಸಿಟ್ಟು ಬರುವುದು ಸಹಜ. ಆದರೆ ಗುರ್ ಎನ್ನುವುದು ಗ್ಯಾಸ್ ಸೋರಿದಾಗಿನ ವಾಸನೆಯ ಹಾಗೆ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದ್ದು ಗೊತ್ತಾಗಲಿ ಎಂದೇ ಅದರಲ್ಲಿ ಕೆಟ್ಟ ವಾಸನೆ ಬೆರೆಸಿರುತ್ತಾರೆ. ವಾಸನೆ ಬೇಡವೆಂದು ಅದನ್ನು ತೆಗೆಸಿಬಿಟ್ಟರೆ ಅಡುಗೆಮನೆ ಸುರಕ್ಷಿತವಾಯಿತೇ? ಗುರ್ ಎಂದಾಗಲೆಲ್ಲ ಏಟು ತಿಂದ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆ, ಅದರ ಹಿಂದಿನ ಭಯ ಹಾಗೆಯೇ ಇರುತ್ತದೆ. ಮುಂದೆ ಒಂದು ದಿನ ಎಚ್ಚರಿಕೆ ಇಲ್ಲದೆ ಕಚ್ಚುತ್ತದೆ. "ಏನೂ ಅಂದಿರಲಿಲ್ಲ, ಒಮ್ಮೆಲೆ ಬಾಯಿ ಹಾಕ್ತು" ಎನ್ನುವ ಎಷ್ಟೋ ಪ್ರಕರಣಗಳ ಹಿಂದೆ ಹೀಗೆ ಬಾಯಿ ಮುಚ್ಚಿಸಿದ ಇತಿಹಾಸವಿರುತ್ತದೆ.

ಇನ್ನು ಕೆಲವು ನಾಯಿಗಳು ಎದುರು ಬೀಳುವುದೇ ಇಲ್ಲ, ಕುಸಿದು ಕೂರುತ್ತವೆ. 1967ರಲ್ಲಿ ಅಮೆರಿಕದ ಸೆಲಿಗ್‌ಮನ್ ಮತ್ತು ಮೇಯರ್ ನಡೆಸಿದ ಪ್ರಯೋಗ ಇಂದು ಓದಿದರೆ ಸಂಕಟವಾಗುತ್ತದೆ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಒಂದು ತಡೆ ಹಾರಿದರೆ ಪಾರಾಗಬಹುದಾದ ಜಾಗದಲ್ಲೂ ಹಾರಲಿಲ್ಲ. ಬಿದ್ದುಕೊಂಡು ಸಹಿಸಿದವು. ಹೊರಗಿನಿಂದ ನೋಡಿದವರಿಗೆ ಅಂಥ ನಾಯಿ ಬಲು ಶಾಂತ.

## ಅಳೆದು ನೋಡಿದವರು ಕಂಡದ್ದು

ಎರಡು ಅಧ್ಯಯನಗಳನ್ನಷ್ಟೇ ಹೇಳುತ್ತೇನೆ. 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ನಡತೆಯ ತೊಂದರೆಗೆಂದು ತಮ್ಮ ಬಳಿ ಬಂದ ನಾಯಿಗಳ 140 ಯಜಮಾನರಿಂದ ಉತ್ತರ ಸಂಗ್ರಹಿಸಿದರು. ಹೊಡೆದು ಅಥವಾ ಒದ್ದು ನೋಡಿದವರಲ್ಲಿ ಶೇ. 43 ಮಂದಿ, ನಾಯಿ ತಿರುಗಿ ಆಕ್ರಮಣಕ್ಕೆ ಬಂತು ಎಂದರು. ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಿದವರಲ್ಲೂ ಶೇ. 30 ಮಂದಿಗೆ ಅದೇ ಅನುಭವ. ಇವು ಮೊದಲೇ ತೊಂದರೆ ಇದ್ದ ನಾಯಿಗಳು ಎಂಬುದನ್ನು ಮರೆಯಬಾರದು. ಆದರೆ ಜನ ಕೈ ಎತ್ತುವುದು ಇಂಥ ನಾಯಿಗಳ ಮೇಲೆಯೇ.

ಎರಡನೆಯದು ಪೋರ್ಚುಗಲ್‌ನದು, 2020ರಲ್ಲಿ ಪ್ರಕಟವಾದದ್ದು. ಬಹುಮಾನದ ಶಾಲೆಗಳು ಮತ್ತು ಶಿಕ್ಷೆಯನ್ನೂ ಬಳಸುವ ಶಾಲೆಗಳಿಂದ ಒಟ್ಟು 92 ಸಾಕುನಾಯಿಗಳನ್ನು ಆರಿಸಿಕೊಂಡರು. ಪಾಠ ನಡೆಯುವಾಗ ವಿಡಿಯೊ ಮಾಡಿದರು, ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಅಳೆದರು. ಶಿಕ್ಷೆ ಹೆಚ್ಚಿದ್ದ ಕಡೆಯ ನಾಯಿಗಳು ತುಟಿ ನೆಕ್ಕುವುದು, ಆಕಳಿಸುವುದು ಹೆಚ್ಚು. ಪಾಠದ ಬಳಿಕ ಹಾರ್ಮೋನೂ ಹೆಚ್ಚು. ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಪರೀಕ್ಷೆ. ಕೋಣೆಯ ಒಂದು ಬದಿಯ ಬಟ್ಟಲಲ್ಲಿ ಯಾವಾಗಲೂ ತಿನಿಸು, ಇನ್ನೊಂದು ಬದಿಯ ಬಟ್ಟಲು ಯಾವಾಗಲೂ ಖಾಲಿ ಎಂದು ನಾಯಿಗೆ ಮೊದಲು ಕಲಿಸಿ, ಆಮೇಲೆ ನಡುವೆ ಎಲ್ಲೋ ಬಟ್ಟಲಿಟ್ಟರು. ಇದರಲ್ಲಿ ಇರಬಹುದೇ, ಇರಲಿಕ್ಕಿಲ್ಲವೇ? ಆಸೆ ಇರುವ ನಾಯಿ ಓಡುತ್ತದೆ, ಆಸೆ ಬತ್ತಿದ್ದು ನಿಧಾನ ಮಾಡುತ್ತದೆ. ಶಿಕ್ಷೆ ಹೆಚ್ಚು ಉಂಡ ನಾಯಿಗಳು ನಿಧಾನ ಮಾಡಿದವು. ಪಾಠದ ಮೈದಾನದಿಂದ ದೂರ, ಶಿಕ್ಷೆಯ ಮಾತೇ ಇಲ್ಲದ ಕೋಣೆಯಲ್ಲೂ!

ಅಮೆರಿಕದ ಪಶುವೈದ್ಯರ ನಡತೆಶಾಸ್ತ್ರ ಸಂಘ 2021ರಲ್ಲಿ, ಆಕ್ರಮಣಕಾರಿ ನಾಯಿಗಳೂ ಸೇರಿ ಎಲ್ಲ ನಾಯಿಗಳಿಗೂ ಬಹುಮಾನದ ವಿಧಾನವನ್ನೇ ಬಳಸಿ ಎಂದಿತು. ಬ್ರಿಟನ್ನಿನ ವೇಲ್ಸ್ 2010ರಲ್ಲೇ ಕರೆಂಟಿನ ಪಟ್ಟಿಯನ್ನು ನಿಷೇಧಿಸಿದೆ.

## ತೋಳದ ಕಥೆಯೊಂದು ದಾರಿ ತಪ್ಪಿದ್ದು

"ನಾಯಿ ತೋಳದ ವಂಶ. ತೋಳದ ಗುಂಪಿಗೆ ಒಬ್ಬ ನಾಯಕ. ನೀವು ನಾಯಕರಾಗದಿದ್ದರೆ ಅದು ಆಗುತ್ತದೆ." ನಾಯಿಯನ್ನು ನೆಲಕ್ಕೆ ಕೆಡವಿ ಅಂಗಾತ ಹಿಡಿಯುವ ಪದ್ಧತಿಗೆ ಈ ಮಾತೇ ಆಧಾರ. ಇದರ ಮೂಲ, ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ವರದಿ. ಅದನ್ನು 1970ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಡೇವಿಡ್ ಮೆಕ್. ಆದರೆ ಆ ಮೃಗಾಲಯದ ತೋಳಗಳು ಒಂದು ಬೇಲಿಯೊಳಗೆ ಕೂಡಿಹಾಕಿದ್ದವು, ಕಾಡಿನಲ್ಲಿ ತಾವಾಗಿ ಬಾಳುವ ಗುಂಪಲ್ಲ. ಮೆಕ್ ಮುಂದೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡು ತೋಳಗಳ ಜೊತೆ ಬೇಸಿಗೆಗಳನ್ನು ಕಳೆದು, ಗುಂಪು ಎಂದರೆ ತಂದೆ, ತಾಯಿ, ಮಕ್ಕಳು ಎಂದು ಕಂಡುಕೊಂಡರು. 1999ರಲ್ಲಿ ಹಾಗೆಂದೇ ಬರೆದರು. ತಮ್ಮ ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಡಿರೆಂದು ಪ್ರಕಾಶಕರನ್ನು ಕೇಳಿಕೊಂಡರು. ತನ್ನ ಮಾತನ್ನು ತಾನೇ ಹಿಂದಕ್ಕೆ ಪಡೆದ ವಿಜ್ಞಾನಿಯ ಹಳೆಯ ಮಾತು ಮಾತ್ರ ನಮ್ಮ ಮೈದಾನಗಳಲ್ಲಿ ಇನ್ನೂ ಓಡಾಡುತ್ತಿದೆ.

ಅಲ್ಲದೆ, ನಿಮ್ಮ ನಾಯಿಗೆ ನೀವು ತೋಳವಲ್ಲ ಎಂಬುದು ಚೆನ್ನಾಗಿ ಗೊತ್ತು.

## ಬಹುಮಾನ ಲಂಚವೇ?

ಲಂಚ ಮೊದಲು ತೋರಿಸುವುದು, ಬಹುಮಾನ ಆಮೇಲೆ ಬರುವುದು. ಬಿಸ್ಕೀಟು ಕಂಡ ಮೇಲಷ್ಟೇ ಕೂರುವ ನಾಯಿ ಲಂಚ ಕಲಿತಿದೆ. ಅದು ಕಲಿಸಿದವರ ತಪ್ಪು. ಬಹುಮಾನದ ಕೌಶಲವೆಲ್ಲ ಹೊತ್ತಿನಲ್ಲಿದೆ. ನಾಯಿಯ ಹಿಂಭಾಗ ನೆಲ ಮುಟ್ಟಿದ ಒಂದು ಸೆಕೆಂಡಿನೊಳಗೆ "ಸರಿ" ಎಂಬ ಸುಳಿವು ಸಿಗಬೇಕು. ಜೇಬಿನಿಂದ ಪೊಟ್ಟಣ ಬಿಚ್ಚುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ. ಆಗ ಕೊಟ್ಟರೆ ಎದ್ದದ್ದಕ್ಕೆ ಕೊಟ್ಟಂತೆ. ಇದಕ್ಕೇ ಕ್ಲಿಕ್ಕರ್ ಎಂಬ ಟಿಕ್ ಸದ್ದಿನ ಸಣ್ಣ ಡಬ್ಬಿ. ಟಿಕ್ ಎಂದರೆ ತಿನಿಸು ಬರುತ್ತದೆ ಎಂದು ಮೊದಲು ಗಂಟು ಹಾಕುವುದು, ಆಮೇಲೆ ಸರಿಯಾದ ಕ್ಷಣವನ್ನು ಆ ಸದ್ದಿನಿಂದ ಗುರುತಿಸುವುದು. ಪಾವ್ಲೋವನೂ ಸ್ಕಿನ್ನರನೂ ಒಂದೇ ಡಬ್ಬಿಯಲ್ಲಿ. ಡಬ್ಬಿ ಇಲ್ಲದಿದ್ದರೆ "ಹೂಂ" ಎಂಬ ಒಂದು ಚಿಕ್ಕ ಮಾತೂ ಆದೀತು, ಪ್ರತಿ ಸಲ ಒಂದೇ ದನಿಯಲ್ಲಿ.

ಭಾಷೆಯ ಬಗ್ಗೆ ಒಂದು ಮಾತು. ದಿನವಿಡೀ ಅಪ್ಪಟ ಧಾರವಾಡ ಕನ್ನಡ ಮಾತಾಡುವವರೂ ನಾಯಿಯ ಎದುರು ನಿಂತ ಕೂಡಲೇ "ಸಿಟ್, ಸ್ಟೇ, ನೋ" ಎನ್ನತೊಡಗುತ್ತಾರೆ. ನಾಯಿಗೆ ಯಾವ ಭಾಷೆಯ ಹಂಗೂ ಇಲ್ಲ. "ಕುಂದ್ರು", "ನಿಂದ್ರು", "ಬಾ ಇಲ್ಲೆ", "ಬಿಡು" ಎಲ್ಲ ನಡೆಯುತ್ತದೆ. ಮನೆಯ ಐದು ಜನ ಐದು ಬಗೆಯಲ್ಲಿ ಹೇಳದಿದ್ದರೆ ಸಾಕು. ಉತ್ತರ ಕರ್ನಾಟಕದ ಮನೆಗಳಲ್ಲಿ "ಕುಂದ್ರು" ಮತ್ತು "ನಿಂದ್ರು" ಕಿವಿಗೆ ಹತ್ತಿರ ಹತ್ತಿರ. ಒಂದರ ಜೊತೆ ಕೈಸನ್ನೆ ಬೇರೆ ಇಡುವುದು ಒಳ್ಳೆಯದು.

ತಿನಿಸು ಕಡಲೆಕಾಳಿನಷ್ಟೇ ಇರಲಿ: ಬೇಯಿಸಿದ ಕೋಳಿ, ಮೊಟ್ಟೆ, ಪನೀರ್. ಮನೆಯೊಳಗೆ ರೊಟ್ಟಿಯ ಚೂರು ಸಾಕಾಗುತ್ತದೆ, ಬೀದಿಯಲ್ಲಿ ಬೇರೆ ನಾಯಿ ಎದುರಿಗೆ ಬಂದಾಗ ರೊಟ್ಟಿಗೆ ಯಾವ ನಾಯಿಯೂ ತಿರುಗುವುದಿಲ್ಲ; ಕೆಲಸ ಕಷ್ಟವಾದಷ್ಟೂ ಕೂಲಿ ಏರಬೇಕು. ಪೇಡೆ ಕೊಡಬೇಡಿ, ಅದು ಬರೀ ಸಕ್ಕರೆ. ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ನಡತೆ ಗಟ್ಟಿಯಾದ ಮೇಲೆ ಪ್ರತಿ ಸಲ ತಿನಿಸು ಬೇಕಿಲ್ಲ. ಒಮ್ಮೆ ತಿನಿಸು, ಒಮ್ಮೆ ಚೆಂಡು, ಒಮ್ಮೆ ಬೆನ್ನು ತಟ್ಟುವುದು.

ಕರುಣೆ ಎಂದರೆ ಮಾಡಿದ್ದಕ್ಕೆಲ್ಲ ಹೂಂಗುಟ್ಟುವುದಲ್ಲ. ಗೇಟಿಗೆ ಚಿಲಕ ಹಾಕುವುದು, ಅತಿಥಿಗಳು ಬಂದಾಗ ಬೇರೆ ಕೋಣೆಯಲ್ಲಿ ಎಲುಬು ಕೊಟ್ಟು ಕೂರಿಸುವುದು, ಚಪ್ಪಲಿಯನ್ನು ಕಪಾಟಿನಲ್ಲಿಡುವುದು, ಇವೂ ತರಬೇತಿಯ ಭಾಗವೇ. ಪ್ರತಿ ಸಲ ಮಾಡಿ ಗೆದ್ದ ತಪ್ಪು ಅಭ್ಯಾಸವಾಗುತ್ತದೆ. ಈ ವಿಧಾನದ ಕೊರತೆಯನ್ನೂ ಹೇಳಬೇಕು: ತಾಳ್ಮೆ ಬೇಡುತ್ತದೆ, ಮನೆಯವರೆಲ್ಲ ಒಂದೇ ಮಾತಿಗೆ ಬರಬೇಕು. ಮೂರು ದಿನದಲ್ಲಿ ಫಲ ತೋರಿಸಿ ಹಣ ಪಡೆಯಬೇಕಾದ ತರಬೇತುದಾರನಿಗೆ ಇದು ಒಗ್ಗುವುದಿಲ್ಲ.

## ಎಳೆಯುವ ನಾಯಿ, ಜಗ್ಗಲಗಿಯ ಸದ್ದು

ನಾಯಿ ಎಳೆಯುವುದು ಯಾಕೆ? ಎಳೆದರೆ ಮುಂದೆ ಹೋಗಲು ಸಿಗುತ್ತದೆ, ಅದಕ್ಕೆ. ಹಾಗಾದರೆ ಚೈನು ಬಿಗಿಯಾದ ಕ್ಷಣ ನೀವು ಕಂಬದಂತೆ ನಿಲ್ಲಿ. ಸಡಿಲವಾದ ಕೂಡಲೇ ನಡೆಯಿರಿ. ನಿಮ್ಮ ಪಕ್ಕಕ್ಕೆ ಬಂದಾಗ ಅಲ್ಲೇ, ತೊಡೆಯ ಹತ್ತಿರ, ತಿನಿಸು. ಮೊದಲ ವಾರ ಗೇಟಿನಿಂದ ವಿದ್ಯುತ್ ಕಂಬದವರೆಗೆ ಹೋಗುವುದಕ್ಕೇ ಹತ್ತು ನಿಮಿಷ ಹಿಡಿಯುತ್ತದೆ. ಓಣಿಯವರು ನೋಡಿ ನಗುತ್ತಾರೆ, ನಗಲಿ. ಕುತ್ತಿಗೆಯ ಚೈನಿಗೆ ಬದಲು ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಹಾಕಿದರೆ ದೊಡ್ಡ ನಾಯಿಯೂ ನಿಭಾಯಿಸಲು ಸಿಗುತ್ತದೆ. ನಾಯಿಯ ಕುತ್ತಿಗೆಯಲ್ಲಿ ಶ್ವಾಸನಾಳ, ಥೈರಾಯ್ಡ್ ಗ್ರಂಥಿ, ದೊಡ್ಡ ರಕ್ತನಾಳಗಳಿವೆ. ಪಟ್ಟಿಯಿಂದ ಕುತ್ತಿಗೆ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುವುದನ್ನೂ, ಹಾರ್ನೆಸ್‌ನಿಂದ ಎಳೆದಾಗ ಹಾಗೆ ಏರದಿರುವುದನ್ನೂ ವೈದ್ಯರು ಅಳೆದಿದ್ದಾರೆ.

ಸದ್ದಿನ ಭಯ ಬೇರೆ ಜಾತಿಯದು. ಹೋಳಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಜಗ್ಗಲಗಿ ಎಂಬ ದೊಡ್ಡ ಚರ್ಮವಾದ್ಯದ ಬಡಿತ ಶುರುವಾದರೆ ಮನುಷ್ಯರ ಎದೆಯೇ ಅದುರುತ್ತದೆ. ಆಮೇಲೆ ಗಣಪತಿಯ ಡಿಜೆ, ಅದಾದ ಮೇಲೆ ದೀಪಾವಳಿಯ ಪಟಾಕಿ. "ರೂಢಿ ಆಗ್ಲಿ" ಎಂದು ನಾಯಿಯನ್ನು ಮೆರವಣಿಗೆಯ ಅಂಚಿಗೆ ಒಯ್ದು ನಿಲ್ಲಿಸುವುದು, ಈಜು ಬಾರದವನನ್ನು ಉಣಕಲ್ ಕೆರೆಗೆ ನೂಕಿದ ಹಾಗೆ.

ರೂಢಿ ಮಾಡಿಸುವ ಕ್ರಮ ಬೇರೆ ಇದೆ. ಹಬ್ಬಕ್ಕೆ ಎರಡು ಮೂರು ತಿಂಗಳ ಮೊದಲೇ ಜಗ್ಗಲಗಿಯ ಸದ್ದನ್ನು ಮೊಬೈಲಿನಲ್ಲಿ, ನಮಗೆ ಕೇಳಿತೋ ಇಲ್ಲವೋ ಎಂಬಷ್ಟು ಸಣ್ಣಗೆ ಹಾಕಿ. ಸದ್ದು ಬಂದ ಮೇಲೆ ಕೋಳಿ ಬರಬೇಕು. ಸದ್ದು ನಿಂತರೆ ಕೋಳಿಯೂ ನಿಲ್ಲಬೇಕು. ಕಿವಿ ಹಿಂದೆ ಹೋಗಿಲ್ಲ, ತಿನ್ನುತ್ತಿದೆ ಎಂದಾದರೆ ಕೆಲವು ದಿನದ ಮೇಲೆ ಒಂದು ಕೂದಲೆಳೆಯಷ್ಟು ಏರಿಸಿ. ತಿನ್ನುವುದು ಬಿಟ್ಟಿತೋ, ಹೆಚ್ಚಾಯಿತು ಎಂದು ತಿಳಿದು ಇಳಿಸಿ. ಐಸ್‌ಕ್ರೀಮ್ ಗಾಡಿಯ ಗಂಟೆಯಂತೆ ಈ ಸದ್ದೂ ಏನೋ ಒಳ್ಳೆಯದರ ಮುನ್ಸೂಚನೆ ಆಗಬೇಕು. ಹೆದರಿದಾಗ ತಿನಿಸು ಕೊಟ್ಟರೆ ಹೆದರಿಕೆಗೇ ಬಹುಮಾನ ಕೊಟ್ಟಂತಾಗುವುದಿಲ್ಲವೇ ಎಂದು ಕೇಳುತ್ತಾರೆ. ಇಲ್ಲ. ಹೆದರಿಕೆ ನಾಯಿ ಬೇಕೆಂದು ಮಾಡುವ ಕೆಲಸವಲ್ಲ, ತಾನಾಗಿ ಆಗುವುದು. ಅಳುವ ಮಗುವನ್ನು ಎತ್ತಿಕೊಂಡರೆ ಅದರ ಭಯ ಹೆಚ್ಚುವುದಿಲ್ಲವಲ್ಲ, ಹಾಗೆ. ಹಬ್ಬದ ದಿನಕ್ಕೆ ಒಳಕೋಣೆ, ಎಳೆದ ಪರದೆ, ಜೊತೆಗೊಬ್ಬರು. ಭಯ ತೀವ್ರವಿದ್ದರೆ ಪಶುವೈದ್ಯರು ಔಷಧ ಕೊಡುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ.

ಮರಿ ಇನ್ನೂ ಚಿಕ್ಕದಿದ್ದರೆ ಕೆಲಸ ಹಗುರ. ಸುಮಾರು ಮೂರರಿಂದ ಹದಿನಾಲ್ಕು ವಾರದ ನಡುವೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪುತ್ತದೆ. ಲಸಿಕೆ ಪೂರ್ತಿ ಆಗಿಲ್ಲವೆಂದು ಆ ವಾರಗಳನ್ನು ಮೂಲೆಯಲ್ಲಿ ಕಳೆಯಬೇಕಿಲ್ಲ. ಎತ್ತಿಕೊಂಡು ಹೊರಗೆ ಹೋಗಿ, ಗಡ್ಡದವರು, ಕೊಡೆಯವರು, ಹೆಲ್ಮೆಟ್ಟಿನವರು, ಆಕಳು, ಆಟೊ ಎಲ್ಲವನ್ನೂ ದೂರದಿಂದ ತೋರಿಸಿ.

## ಕಚ್ಚುವ ಮುನ್ನ ಅದು ಹೇಳುವುದು

ನಾಯಿ ಬಹಳ ಸಲ ಹೇಳುತ್ತದೆ, ನಾವು ಬೊಗಳುವುದನ್ನು ಮಾತ್ರ ಕೇಳುತ್ತೇವೆ. ತಿನಿಸಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಬಾಲ ಹೊಟ್ಟೆಗೆ ಒತ್ತುವುದು, ಕೊನೆಗೆ ಕಲ್ಲಿನಂತೆ ನಿಂತುಬಿಡುವುದು. ಮಗು ನಾಯಿಯನ್ನು ತಬ್ಬಿಕೊಂಡ ಫೋಟೊಗಳನ್ನು ಮೊಬೈಲಿನಲ್ಲಿ ಮತ್ತೊಮ್ಮೆ ನೋಡಿ, ಮಗುವಿನ ಮುಖವನ್ನಲ್ಲ, ನಾಯಿಯ ಕಣ್ಣನ್ನು. ಬಾಲ ಅಲ್ಲಾಡಿದರೆ ಖುಷಿ ಎಂಬುದೂ ಪೂರ್ತಿ ನಿಜವಲ್ಲ. ಮೇಲೆತ್ತಿದ ಬಿಗಿ ಬಾಲದ ಚಿಕ್ಕ ಅಲುಗಾಟ ಉದ್ವೇಗದ್ದು.

ನಡತೆ ಒಮ್ಮೆಲೆ ಬದಲಾದರೆ ಮೊದಲು ಪಶು ಆಸ್ಪತ್ರೆ, ಆಮೇಲೆ ತರಬೇತಿ. ಕಿವಿಯ ಸೋಂಕು, ಹಲ್ಲು ನೋವು, ದೊಡ್ಡ ತಳಿಗಳಲ್ಲಿ ಸಾಮಾನ್ಯವಾದ ಸೊಂಟದ ಕೀಲಿನ ದೋಷ, ಇವು "ಮಾತು ಕೇಳದ" ನಾಯಿಯ ವೇಷದಲ್ಲಿ ಬರುತ್ತವೆ. ಕೂರುವುದು ನೋಯುವ ನಾಯಿಗೆ "ಕುಂದ್ರು" ಎಂದು ಹೊಡೆದರೆ ಏನಾದೀತು?

## ಕಾನೂನು, ಮತ್ತು ತರಬೇತುದಾರನಿಗೆ ಕೇಳುವ ಪ್ರಶ್ನೆ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಅನಗತ್ಯ ನೋವಾಗುವಂತೆ ಪ್ರಾಣಿಗೆ ಹೊಡೆಯುವುದು, ಒದೆಯುವುದು ಅಪರಾಧ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದೂ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡಿಸದಿರುವುದೂ ಅದರಲ್ಲೇ ಸೇರಿವೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಆರು ದಶಕದ ಹಿಂದಿನ ಬೆಲೆ, ಈಗ ಒಂದು ಪ್ಲೇಟ್ ಗಿರಮಿಟ್ಟಿನದು. ಪ್ರಾಣಿಯನ್ನು ಕೊಂದರೆ ಅಥವಾ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಿದೆ.

ನಾಯಿಗೆ ಪಾಠ ಹೇಳುವವರು ಮನೆಗೆ ಬಂದಾಗ ಮೂರು ಪ್ರಶ್ನೆ ಕೇಳಿ. ನಾಯಿ ಸರಿಯಾಗಿ ಮಾಡಿದಾಗ ಏನಾಗುತ್ತದೆ? ತಪ್ಪಿದಾಗ ಏನಾಗುತ್ತದೆ? ಪಾಠದ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ನಿಲ್ಲಬಹುದೇ? "ನೀವು ಇದ್ರ ಅದು ಕಲಿಯೂದಿಲ್ಲ, ಒಂದು ತಾಸು ಬಿಟ್ಟು ಹೋಗ್ರಿ" ಎಂದು ನಮ್ಮ ಮನೆಗೆ ಬಂದಿದ್ದ ಒಬ್ಬರು ಹೇಳಿದ್ದರು. ಬಿಟ್ಟು ಹೋಗಿದ್ದೆ. ನಾಲ್ಕನೆಯ ದಿನಕ್ಕೆ ನಮ್ಮ ನಾಯಿ ಕುಂದ್ರು ಎಂದರೆ ಕೂರುತ್ತಿತ್ತು. ಐದನೆಯ ದಿನ ಅವರ ಬೈಕಿನ ಸದ್ದು ಓಣಿಯ ತುದಿಯಲ್ಲಿ ಕೇಳಿದ್ದೇ, ಮಂಚದ ಕೆಳಗೆ ಸರಿದು, ಅಲ್ಲೇ ಉಚ್ಚೆ ಹೊಯ್ದುಕೊಂಡಿತು.